ಒದ್ದೆ ಗೋಣಿ

ಶಿರಸಿ ಪೇಟೆಗೆ ಇನ್ನು ಎರಡು ಕಿಲೋಮೀಟರ್ ಇದೆ ಎನ್ನುವಾಗ ಓಮ್ನಿ ನಿಂತುಹೋಯಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ. ಮಾತಾಡುತ್ತಿದ್ದವರು ನಡುವೆ ಮಾತು ಮರೆತ ಹಾಗೆ ಸುಮ್ಮನಾಗಿ, ಇಳುಕಲಿನಲ್ಲಿ ನಾಲ್ಕು ಮಾರು ಉರುಳಿ, ರಸ್ತೆಯ ಅಂಚಿಗೆ ಹೋಗಿ ಕೂತಿತು. ಇಂಜಿನ್ನಿನ ಸದ್ದು ಅಡಗಿದ್ದೇ ತಡ, ಇನ್ನೊಂದು ಸದ್ದು ಗಾಡಿಯ ತುಂಬ ಎದ್ದುಬಂತು. ಹದಿನೆಂಟು ಪೆಟ್ಟಿಗೆ ಜೇನಿನ ಸದ್ದು.

“ಎಂತಾತು ಅಣ್ಣ?” ಎಂದಳು ಗಂಗೆ.

ಉದಯ ಚಾವಿ ತಿರುಗಿಸಿದ. ಟಿಕ್ ಎಂದೂ ಅನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಸ್ಟೇರಿಂಗಿನ ಕೆಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು.

“ಹೋತು,” ಎಂದ ಅವನು. “ಸತ್ತೇ ಹೋತು ಇದು.”

ಗಂಗೆ ಮೊದಲು ನೋಡಿದ್ದು ಗಾಡಿಯನ್ನಲ್ಲ, ಬಿಸಿಲನ್ನು. ಏಳೂಕಾಲು ಗಂಟೆ. ಏಪ್ರಿಲ್ ತಿಂಗಳ ಸೂರ್ಯ ಆಗಲೇ ರಸ್ತೆಯ ಮೇಲಿದ್ದ.

ಚಳಿಗಾಲ ಮುಗಿಯುವಾಗ ಅಣ್ಣ ತಂಗಿ ಸೇರಿ ಈ ಪೆಟ್ಟಿಗೆಗಳನ್ನು ಯಲ್ಲಾಪುರದ ಕಡೆಯ ಉಮ್ಮಚಗಿಗೆ ಒಯ್ದು ಬೆಟ್ಟದ ಅಂಚಿನಲ್ಲಿ ಇಟ್ಟಿದ್ದರು. ಈಗ ಅಲ್ಲಿ ಹೂವು ಮುಗಿದಿತ್ತು. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರದ ತಮ್ಮೂರಿನಲ್ಲಿ ನೇರಲ ಮರಗಳು ಹೂಬಿಟ್ಟಿದ್ದವು. ಜೇನು ಸಾಗಿಸುವುದು ಯಾವತ್ತಿಗೂ ರಾತ್ರಿಯ ಕೆಲಸ. ಸಂಜೆ ಕೊನೆಯ ಹುಳ ಒಳಗೆ ಹೋದ ಮೇಲೆ ಬಾಗಿಲಿಗೆ ಜಾಲರಿ ಬಡಿದು, ತಂಪಿನಲ್ಲೇ ಸಾಗಿಸಿ, ಬೆಳಕು ಹರಿಯುವ ಮೊದಲು ಹೊಸ ಜಾಗದಲ್ಲಿ ಇಳಿಸಿ ಬಾಗಿಲು ತೆಗೆದುಬಿಡಬೇಕು. ನಿನ್ನೆ ಜಾಲರಿ ಬಡಿದು, ಪೆಟ್ಟಿಗೆ ತುಂಬಿ, ಚಾವಿ ತಿರುಗಿಸಿದರೆ ಹೆಡ್‌ಲೈಟ್ ಹತ್ತಲಿಲ್ಲ. ಆ ತಿರುವಿನ ದಾರಿಯಲ್ಲಿ ದೀಪವಿಲ್ಲದೆ ಹೋಗುವುದು ಹೇಗೆ? “ಬೆಳಕು ಹರಿದ ಕೂಡ್ಲೆ ಬಿಟ್ರೆ ಎಂಟಕ್ಕೆ ಊರು, ಎಂತಾ ಆಗುದಿಲ್ಲ,” ಎಂದಿದ್ದ ಉದಯ.

ಮುಚ್ಚಿದ ಪೆಟ್ಟಿಗೆ ಹತ್ತು ಗಂಟೆಯ ಬಿಸಿಲಿನವರೆಗೆ ತಡೆದೀತು. ಅದರಾಚೆ ಗಾಳಿ ಸಾಲದೆ ಹುಳಗಳು ಗಾಬರಿಯಾಗುತ್ತವೆ. ಗಾಬರಿಯಾದಷ್ಟೂ ಒಳಗೆ ಕಾವೇರುತ್ತದೆ. ಕಾವೇರಿದಷ್ಟೂ ಮೇಣ ಮೆತ್ತಗಾಗುತ್ತದೆ. ಕೊನೆಗೆ ಮೇಣದ ತಟ್ಟಿಗಳು ಒಂದರ ಮೇಲೊಂದು ಕುಸಿದು, ಜೇನುತುಪ್ಪ, ಮರಿ, ಹುಳ, ರಾಣಿ ಎಲ್ಲ ಒಂದೇ ಅಂಟಿನಲ್ಲಿ ಮುಳುಗುತ್ತವೆ. ಗಂಗೆ ಒಮ್ಮೆ ಅಂಥ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಳು. ಆ ದಿನ ಊಟ ಮಾಡಿರಲಿಲ್ಲ.

ಅವಳ ಅಪ್ಪನಿಗೆ ಒಂದು ಕಾಲದಲ್ಲಿ ನಲವತ್ತು ಪೆಟ್ಟಿಗೆ ಜೇನಿತ್ತು. ಮರಿ ಕೊಳೆಯುವ ರೋಗ ಬಂದು ಒಂದೇ ವರ್ಷದಲ್ಲಿ ಎರಡು ಉಳಿದವು. ಅಪ್ಪ ಆ ಎರಡನ್ನೂ ತಿರುಗಿ ನೋಡಲಿಲ್ಲ. ಆಗ ಗಂಗೆ ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದಳು. ಜನರ ಎದುರು ಬಾಯಿ ತೆರೆಯಲು ಆಗದವಳಿಗೆ ಜೇನಿನ ಎದುರು ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ. ಗಂಟೆಗಟ್ಟಲೆ ಕೂತು ನೋಡಿದಳು. ಎರಡು ನಾಲ್ಕಾಯಿತು, ಏಳಾಯಿತು. ಐದು ವರ್ಷದಲ್ಲಿ ಹದಿನೆಂಟು. ಅವಳದ್ದು ಅಂತ ಈ ಲೋಕದಲ್ಲಿ ಇದ್ದದ್ದು ಇಷ್ಟೇ, ಮತ್ತು ಇದಿಷ್ಟೂ ಈಗ ಒಂದು ಹಳೇ ಓಮ್ನಿಯ ಹೊಟ್ಟೆಯಲ್ಲಿತ್ತು.

ಇಳುಕಲು ಇದ್ದದ್ದು ಪುಣ್ಯ. ಇಬ್ಬರೂ ನೂಕಿಕೊಂಡು ಹೋದರೆ ರಸ್ತೆ ಬದಿಯಲ್ಲಿ ಸಾಲಾಗಿ ತಗಡಿನ ಶೆಡ್ಡುಗಳು ಸಿಕ್ಕವು. ಒಂದು ಪಂಕ್ಚರ್ ಅಂಗಡಿ, ಅದಿನ್ನೂ ತೆರೆದಿರಲಿಲ್ಲ. ಅದರ ಪಕ್ಕ ಚಹಾದಂಗಡಿ. ಆಮೇಲೆ ಗಾಡಿಗಳ ವೈರಿಂಗ್ ಕೆಲಸದ ಸಂಗಯ್ಯನ ಶೆಡ್ಡು. ಸಂಗಯ್ಯ ಹಾನಗಲ್ ಕಡೆಯವನು, ಐವತ್ತರ ಆಸುಪಾಸು, ಶಿರಸಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಮಾತ್ರ ಘಟ್ಟದ ನೀರು ಕುಡಿದಿರಲಿಲ್ಲ.

“ಬರ್ರಿ, ಬರ್ರಿ. ಮುಂಜಾನೆದ್ದು ಬೋಣಿಗೀನ ನೂಕ್ಕೊಂತ ಬಂದೀರಿ,” ಎಂದು ಹತ್ತಿರ ಬಂದವನು ಗಕ್ಕನೆ ನಿಂತ. “ಒಳಗೇನೈತ್ರಿ ಇದು, ಗುಂಯ್ ಅಂತೈತಿ?”

“ಜೇನು,” ಎಂದ ಉದಯ.

“ಯಪ್ಪಾ! ತುಪ್ಪ ಏನು, ಹುಳಾನೋ?”

“ಹುಳ. ಹದಿನೆಂಟು ಪೆಟ್ಟಿಗೆ. ಎಲ್ಲ ಮುಚ್ಚಿದ್ದು, ಹೆದರ್ಬೇಡಿ. ಬೇಗ ನೋಡಿ ಮಾರಾಯ್ರೆ, ಹತ್ತು ಗಂಟೆಯೊಳಗೆ ಊರು ಮುಟ್ಟದಿದ್ರೆ ಎಲ್ಲ ಸಾಯ್ತವೆ.”

ಸಂಗಯ್ಯ ತಲೆಗೆ ಟವೆಲ್ ಸುತ್ತಿಕೊಂಡು, ಕಿವಿಯನ್ನೂ ಮುಚ್ಚಿಕೊಂಡು, ಡ್ರೈವರ್ ಸೀಟಿನ ಕಡೆಯಿಂದ ತಲೆ ಕೆಳಗೆ ಮಾಡಿ ಒಳಗೆ ತೂರಿದ. ಕೈಯಲ್ಲಿದ್ದ ಟಾರ್ಚು ಹೊತ್ತಿಸಿ ಒಂದು ಮುಚ್ಚಳ ಎಳೆದ.

“ಇದೇನ್ ಫ್ಯೂಜಿನ ಡಬ್ಬೀನೋ, ಪಾಚಿಗಟ್ಟಿದ ಬಾವೀನೋ?”

ಗಂಗೆ ಆಚೆ ಬದಿಯ ಬಾಗಿಲಿನಿಂದ ಬಗ್ಗಿ ನೋಡಿದಳು. ಸ್ಟೇರಿಂಗಿನ ಕೆಳಗೆ ಅಂಗೈಯಗಲದ ಕಪ್ಪು ಪೆಟ್ಟಿಗೆ, ಅದರ ತುಂಬ ಹಸಿರು ಕಿಲುಬು. ಎರಡು ಫ್ಯೂಸು ಕೂತ ಜಾಗ ಕರಗಿ ಮೇಣದ ಹಾಗೆ ಕೆಳಗಿಳಿದಿತ್ತು. ಎಲ್ಲ ದೀಪಕ್ಕೂ ಇಂಜಿನ್ನಿಗೂ ಕರೆಂಟು ಹೋಗುವುದು ಈ ಒಂದೇ ಡಬ್ಬಿಯಿಂದ ಎಂದು ಸಂಗಯ್ಯ ತಲೆಕೆಳಗಾಗಿಯೇ ಹೇಳಿದ. “ನೀರು ಕುಡದೈತಿ. ಒಂದಿನದ್ದಲ್ಲ, ಭಾಳ ದಿನದ್ದು. ಎಲ್ಲಿಂದ ಬಂತು ನೀರು?”

“ಮಳೆಗಾಲದ್ದು,” ಎಂದ ಉದಯ. “ಮುಂದಿನ ಗ್ಲಾಸಿನ ರಬ್ಬರ್ ಹೋಗಿತ್ತು. ಹಾಕ್ಸಿದೆ ಮತ್ತೆ.”

ಗಂಗೆಯ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಹೋಯಿತು. ಈ ತುದಿಯಿಂದ ಆ ತುದಿಯವರೆಗೆ ಅಲ್ಲಿ ಒಂದು ಗೋಣಿಚೀಲ ಹಾಸಿತ್ತು. ಚೊಕ್ಕ ಮಡಚಿದ, ನೀರಿನಲ್ಲಿ ನೆನೆಸಿದ ಗೋಣಿ. ಬಲಿಷ್ಠವಾದ ಮೂರು ಪೆಟ್ಟಿಗೆಗಳನ್ನು ಅವಳು ಯಾವತ್ತೂ ಮುಂದೆ, ತನ್ನ ಕಾಲ ಬಳಿ, ಇಟ್ಟುಕೊಳ್ಳುತ್ತಿದ್ದಳು. ಹುಳ ಹೆಚ್ಚಿದ್ದ ಪೆಟ್ಟಿಗೆಗೇ ಬೇಗ ಸೆಕೆಯಾಗುವುದು. ಹಿಂದಿನ ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿ ಹಾಕುವುದು ಎಲ್ಲರೂ ಮಾಡುವ ಕೆಲಸ. ಡ್ಯಾಶ್‌ಬೋರ್ಡಿನ ಮೇಲೂ ಹಾಸಿ, ಗ್ಲಾಸಿನಿಂದ ಬರುವ ಬಿಸಿಲನ್ನು ತಡೆದು, ಕಿಟಕಿ ಗಾಳಿಯನ್ನು ತಂಪು ಮಾಡಿ ಮುಂದಿನ ಪೆಟ್ಟಿಗೆಗಳ ಮೇಲೆ ಇಳಿಸುವುದು ಅವಳೇ ಕಂಡುಹಿಡಿದ ಉಪಾಯ. ಮೂರು ವರ್ಷದಿಂದ ಪ್ರತಿ ಸಾಗಾಟಕ್ಕೂ ಹೀಗೇ. ಗೋಣಿ ಒಣಗಿದ ಹಾಗೆ ಬಾಟಲಿಯಿಂದ ನೀರು ಹನಿಸುವುದು. ಗೋಣಿಯ ಅಂಚಿನಿಂದ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಕಂಡಿತು. ಗ್ಲಾಸಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಸೀಳು. ಅದರ ಕೆಳಗೆ ನೇರವಾಗಿ ಡಬ್ಬಿ.



“ಹೊಸಾ ಡಬ್ಬಿ ಬೇಕು,” ಎನ್ನುತ್ತಿದ್ದ ಸಂಗಯ್ಯ. “ಇಷ್ಟು ಹಳೇ ಗಾಡಿದು ಅಂಗಡ್ಯಾಗ ಸಿಗಂಗಿಲ್ಲ. ಗುಜರಿಯೊಳಗ ನೋಡ್ಬೇಕು. ಡಬ್ಬಿ ತಂದ್ರ ಒಂದು ತಾಸಿನ ಕೆಲಸ.”

“ಬೇರೆ ಗಾಡಿಗೆ ಹಾಕ್ಕಂಡು ಹೋಗ್ತೆ,” ಎಂದ ಉದಯ. ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದ. ಖಾಲಿ ಟೆಂಪೋ ಒಂದು ನಿಂತಿತು. ಡ್ರೈವರ್ ಇಳಿದು ಬಂದವನು ಹತ್ತು ಹೆಜ್ಜೆ ದೂರದಲ್ಲೇ ಸದ್ದು ಕೇಳಿ ಹಿಂದೆ ತಿರುಗಿದ. “ಅಡಿಕೆ ಹೇಳು, ಗೊಬ್ಬರ ಹೇಳು, ಕರು ಹಾಕಿದ ಎಮ್ಮೆ ಹೇಳು, ತುಂಬ್ತೆ. ಇದೊಂದು ಬೇಡ ಮಾರಾಯ. ನಂಗೆ ಹೆಂಡ್ತಿ ಮಕ್ಳು ಇದ್ದಾರೆ.” ಎರಡನೆಯವನು ಇಳಿಯಲೂ ಇಲ್ಲ. ಗುರುತಿದ್ದವರಿಗೆ ಉದಯ ಫೋನು ಮಾಡಿದ. ಒಬ್ಬನ ಗಾಡಿ ಕುಮಟೆಯಲ್ಲಿತ್ತು, ಇನ್ನೊಬ್ಬ ಫೋನು ಎತ್ತಲಿಲ್ಲ.

ಹೋಗಲಿ, ಪೆಟ್ಟಿಗೆಗಳನ್ನಾದರೂ ನೆರಳಿಗೆ ಇಳಿಸೋಣ ಎಂದರೆ ನೆರಳು ಎಲ್ಲಿ? ರಸ್ತೆ ಅಗಲ ಮಾಡುವಾಗ ಮರ ಕಡಿದಿದ್ದರು. ತಗಡಿನ ಕೆಳಗೆ ಹೊರಗಿಗಿಂತ ಬಿಸಿ. ಚಹಾದಂಗಡಿಯ ಹಿಂದೆ ಒಂದು ಹಂಚಿನ ಮಾಡು ಕಂಡು ಉದಯ ಒಂದು ಪೆಟ್ಟಿಗೆ ಎತ್ತಿಕೊಂಡು ಆ ಕಡೆ ಹೊರಟದ್ದೇ, ಅಂಗಡಿಯ ಲಕ್ಷ್ಮಿ ಚಹಾ ಸೋಸುವ ಜರಡಿ ಹಿಡಿದುಕೊಂಡೇ ಅಡ್ಡ ಬಂದಳು.

“ಏ ತಮ್ಮಾ, ಅಲ್ಲಿ ಇಡ್ಬೇಡ. ಒಳಗೆ ಮೊಮ್ಮಗು ತೊಟ್ಟಿಲಲ್ಲದೆ. ಮೂರು ತಿಂಗಳು ತುಂಬಲಿಲ್ಲ ಅದಕ್ಕೆ.”

“ಮುಚ್ಚಿದ್ದು ಅಕ್ಕಾ.”

“ನೀನು ಮುಚ್ಚಿದ್ದು ನಿಂಗೆ ಗೊತ್ತು. ಹುಳಕ್ಕೆ ಗೊತ್ತಿದ್ಯಾ?”

ಉದಯ ಪೆಟ್ಟಿಗೆ ತಂದು ವಾಪಸ್ಸು ಗಾಡಿಯೊಳಗಿಟ್ಟ. ಸಂಗಯ್ಯನ ಬೈಕು ಇಸಿದುಕೊಂಡು ಗುಜರಿ ಅಂಗಡಿಗೆ ಹೊರಟ. ಹೋಗುವಾಗ ತಂಗಿಗೆ ಹೇಳಿದ, “ನೀರು ಹಾಕ್ತಾ ಇರು. ಗೋಣಿ ಒಣಗಕ್ಕೆ ಬಿಡ್ಬೇಡ. ಕೇಳ್ತಾ?”

ಗಂಗೆ ತಲೆಯಾಡಿಸಿದಳು.

ಸಂಗಯ್ಯ ಬ್ಯಾಟರಿಯ ವೈರು ಬಿಚ್ಚಿಟ್ಟು ಹಳೇ ಡಬ್ಬಿಯ ಸ್ಕ್ರೂ ತೆಗೆಯತೊಡಗಿದ. “ತಂಗಿ, ಇಲ್ಲಿ ಬಾ. ಬೆಳಕ ಹಿಡಿ. ನಿನ್ನ ಹುಳ ನನ್ನ ಕಡೆ ಬರದಂಗ ನೋಡ್ಕೊ. ಅವಕ್ಕ ನಿನ್ನ ಗುರ್ತೈತಿ, ನಂದಿಲ್ಲ.” ಗಂಗೆ ಒಂದು ಕೈಯಲ್ಲಿ ಬೆಳಕು ಹಿಡಿದಳು. ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ. ಹಿಂದಿನ ಪೆಟ್ಟಿಗೆಗಳ ಗೋಣಿ ತೋಯಿಸಿ ಆಗಿತ್ತು. ಮುಂದಿನ ಗೋಣಿ ಅಂಚಿನಲ್ಲಿ ಒಣಗುತ್ತ ಬಂದಿತ್ತು. ಕಾಲ ಬಳಿಯ ಮೂರು ಪೆಟ್ಟಿಗೆಗಳ ಸದ್ದು ಏರುತ್ತಿತ್ತು. ಜಾಲರಿಗೆ ಹುಳಗಳು ಒತ್ತಿಕೊಂಡು, ಒಂದರ ಮೇಲೊಂದು ಹತ್ತಿ, ಹೊರಗಿನ ಗಾಳಿಗೆ ಬಾಯಿಡುತ್ತಿದ್ದವು.

ಹಾಕದಿದ್ದರೆ ಇವು ಸಾಯುತ್ತವೆ. ಹಾಕಿದರೆ?

ಅವಳು ಸ್ವಲ್ಪವೇ ಸ್ವಲ್ಪ ಹನಿಸಿದಳು. ಮೂರು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ, ಕೆಳಗೆ, ಸಂಗಯ್ಯನ ಮುಂಗೈ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಸಂಗಯ್ಯ ಕೈ ಒರೆಸಿಕೊಂಡು ಕೆಲಸ ಮುಂದುವರಿಸಿದ. ಬೆವರು ಅಂದುಕೊಂಡಿರಬೇಕು.

ಸುಮ್ಮನಿದ್ದುಬಿಡಬಹುದಿತ್ತು. ಮಳೆಗಾಲದ ಮೇಲೆ ಹೊರಿಸಿ ಆಗಿತ್ತು, ಅಣ್ಣನೇ ಹೊರಿಸಿದ್ದ. ಒಂದು ತಾಸಿನಲ್ಲಿ ಡಬ್ಬಿ ಬದಲಾಗುತ್ತದೆ, ಗಾಡಿ ಹೊರಡುತ್ತದೆ. ಆದರೆ ಹೊಸ ಡಬ್ಬಿಯ ಮೇಲೂ ಇದೇ ಹನಿ ಬೀಳುತ್ತದಲ್ಲ. ಸಿದ್ದಾಪುರದ ಕಡೆಯ ದಾರಿಯಲ್ಲಿ, ಕಾಡಿನ ನಡುವೆ, ಫೋನೂ ಹತ್ತದ ತಿರುವಿನಲ್ಲಿ ಮತ್ತೆ ನಿಂತರೆ? ಶಾಲೆಯಲ್ಲಿ ಗಂಗೆ ಉತ್ತರ ಗೊತ್ತಿದ್ದೂ ಎದ್ದು ನಿಲ್ಲಲಾರದೆ ಬೆಂಚಿನ ಅಂಚನ್ನು ಉಗುರಿನಲ್ಲಿ ಕೆರೆಯುತ್ತ ಕೂತಿರುತ್ತಿದ್ದಳು. ಈಗ ಗಾಡಿಯ ಸೀಟು ಕೆರೆಯುತ್ತಿದ್ದಳು.

“ಸಂಗಯ್ಯಣ್ಣ.”

“ಹೂಂ.”

“ಅದು ಮಳೆ ನೀರಲ್ಲ.”

“ಏನಂದಿ? ಜೋರಾಗಿ ಹೇಳು, ನಿನ್ನ ಹುಳದ ಗದ್ದಲದಾಗ ಕೇಳವಲ್ದು.”

“ಅದು ಮಳೆ ನೀರಲ್ಲ. ನಾನು ಹಾಕಿದ್ದು. ಮೂರು ವರ್ಷದಿಂದ.” ಗೋಣಿಯನ್ನು ಎತ್ತಿ ಕೆಳಗಿನ ಸೀಳು ತೋರಿಸಿದಳು.

ಸಂಗಯ್ಯ ತಲೆ ಹೊರಗೆ ತಂದು ಗೋಣಿ ನೋಡಿದ, ಸೀಳು ನೋಡಿದ, ಹುಡುಗಿಯ ಮುಖ ನೋಡಿದ. ಬೈಯುತ್ತಾನೆ ಎಂದುಕೊಂಡಳು. ಅವನು ಒಂದು ವೈರಿನ ತುದಿ ಎಳೆದು, ಇಕ್ಕಳದಿಂದ ಮೇಲಿನ ಸಿಪ್ಪೆ ಸುಲಿದ. ಒಳಗಿನ ತಾಮ್ರ ಕೆಂಪಗಿರಬೇಕಾದದ್ದು ಮಸಿಯ ಹಾಗೆ ಕಪ್ಪಗಿತ್ತು.

“ಹೇಳಿದ್ದು ಚೊಲೋ ಆತು,” ಎಂದ. “ಒಂದು ಮಳೀಗಾಲದ ನೀರಂದ್ರ ಡಬ್ಬಿ ಅಷ್ಟ ಬದಲಿ ಮಾಡಿ ಕಳಸ್ತಿದ್ದೆ. ಮೂರು ವರ್ಷದ್ದಂದ್ರ ವೈರಿನ ಒಳಗೂ ಇಳದೈತಿ. ಕೆಂಪು ಸಿಗೂಮಟ ಎಲ್ಲಾ ತುದಿ ಕತ್ತರಿಸಿ ಹೊಸಾ ಪಿನ್ನು ಹಾಕ್ಬೇಕು. ಇಲ್ಲಾಂದ್ರ ಹತ್ತು ಕಿಲೋಮೀಟರಿಗೆ ಮತ್ತ ಕುಂದರ್ತೈತಿ.”

“ಎಷ್ಟು ಹೊತ್ತು ಬೇಕು?”

“ಎರಡು ತಾಸು ಮ್ಯಾಲ. ಮತ್ತ ಇಲ್ಲೆ ಮುಂದ ಒಂದು ಹನೀನೂ ನೀರು ಬೀಳಬಾರ್ದು. ಹಿಂದ ಎಷ್ಟರ ಹಾಕ್ಕೋ.”

ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಇನ್ನೊಂದು ಗಂಟೆಯ ಬಿಸಿಲು.

ಉದಯ ಗುಜರಿಯಿಂದ ಡಬ್ಬಿ ತಂದಾಗ ಒಂಬತ್ತು ದಾಟಿತ್ತು. ಎರಡು ಅಂಗಡಿ ಅಲೆದು, ಒಂದು ಜಜ್ಜಿದ ಓಮ್ನಿಯ ಹೊಟ್ಟೆಯಿಂದ ತಾನೇ ಕಿತ್ತು ತಂದಿದ್ದ. ಬೆರಳಿನಲ್ಲಿ ರಕ್ತ. ಎರಡು ತಾಸು ಎಂದು ಕೇಳಿದ್ದೇ ಉರಿದುಬಿದ್ದ.

“ಒಂದು ತಾಸು ಅಂದ್ರಿ ಈಗ!”

“ಆವಾಗ ಅಂದಿದ್ದೆ. ನೀರು ಮಳೀದು ಅಂದಾಂವ ನೀನು. ನಿನ್ನ ತಂಗಿ ಖರೇ ಹೇಳಿದ್ಲು.”

ಉದಯ ತಂಗಿಯ ಕಡೆ ತಿರುಗಿದ. ಗಂಗೆ ಕೆಳಗೆ ನೋಡಿಕೊಂಡೇ ಗೋಣಿಯ ವಿಷಯ ಹೇಳಿದಳು.

“ನಿಂಗೆ ತಲೆ ಸಮ ಇದ್ಯನೇ?” ಎಂದ ಅವನು. “ಗಾಡಿ ಒಳಗೆ ನೀರು ಹೊಯ್ಯುವವರು ಯಾರಿದ್ದಾರೆ? ಅಂಗಳಕ್ಕೆ ನೀರು ಹಾಕಿದ ಹಾಗೆ ಹಾಕಿದ್ಯಲ್ಲೇ! ನಾಲ್ಕು ಅಕ್ಷರ ಕಲ್ತಿದ್ರೆ ಗೊತ್ತಾಗ್ತಿತ್ತು.”

ಆ ಕೊನೆಯ ಮಾತಿಗೆ ಲಕ್ಷ್ಮಿಯೂ ಚಹಾ ಸೋಸುವುದನ್ನು ನಿಲ್ಲಿಸಿ ನೋಡಿದಳು. ಗಂಗೆಗೆ ಅಳು ಬರಲಿಲ್ಲ. ಅಳುವಷ್ಟು ಹೊತ್ತು ಇರಲಿಲ್ಲ.

“ಡೈರೆಕ್ಟ್ ಕೊಟ್ಟುಬಿಡಿ,” ಎಂದು ಉದಯ ಸಂಗಯ್ಯನ ಬೆನ್ನು ಹತ್ತಿದ. “ಫ್ಯೂಸೂ ಬೇಡ, ಡಬ್ಬೀನೂ ಬೇಡ. ಬ್ಯಾಟರಿಯಿಂದ ಒಂದು ವೈರು ಎಳೀರಿ, ಊರಿಗೆ ಹೋಗಿ ನೋಡ್ಕಳ್ತೆ.”

“ಎಳೀತೀನಿ. ಆದ್ರ ನೀನು ಕುಂದ್ರೂ ಸೀಟಿನ ಕೆಳಗ ಇಂಜಿನ್ ಐತಿ, ಅದರ ಬಾಜೂಕ ಪೆಟ್ರೋಲ್ ಪೈಪ್ ಐತಿ. ಈ ಕೊಳತ ವೈರಿಗೆ ಫ್ಯೂಜಿಲ್ಲದ ಕರೆಂಟು ಕೊಟ್ರ, ಜೇನು ಒಂದ ಅಲ್ಲಪ್ಪ, ನೀವಿಬ್ರೂ ಹುರದು ಹೋಗ್ತೀರಿ. ನಾ ಮಾಡಂಗಿಲ್ಲ. ಬೇಕಾದ್ರ ನೂಕ್ಕೊಂಡು ಬ್ಯಾರೆ ಕಡೆ ಹೋಗ್ರಿ.”

ಉದಯ ರಸ್ತೆಯ ಅಂಚಿಗೆ ಹೋಗಿ ಬೆನ್ನು ಹಾಕಿ ನಿಂತ. ಸಂಗಯ್ಯ ಮತ್ತೆ ಒಳಗೆ ತೂರಿದ. ಕತ್ತರಿಸುವ ಸದ್ದು, ಸುಲಿಯುವ ಸದ್ದು, ಪಿನ್ನು ಒತ್ತುವ ಸದ್ದು. ಹತ್ತೊಂಬತ್ತು ವೈರು. ಗಂಗೆ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಐದು ಮುಗಿದಾಗ ಹತ್ತು ಗಂಟೆ.

ಕಾಲ ಬಳಿಯ ಪೆಟ್ಟಿಗೆಗಳ ಸದ್ದು ಆಗ ಬದಲಾಯಿತು. ಅಲ್ಲಿಯವರೆಗೆ ಗಿರಣಿಯ ಹಾಗೆ ಗುಂಯ್ಗುಡುತ್ತಿದ್ದದ್ದು, ಒಂದು ಹದಕ್ಕೆ ಮುಟ್ಟಿ, ಅಕ್ಕಿ ಜರಡಿಯಾಡಿದ ಹಾಗೆ ಸರಸರ ಎನ್ನತೊಡಗಿತು. ಹುಳಗಳು ರೆಕ್ಕೆ ಬೀಸುವುದನ್ನು ಬಿಟ್ಟು ಓಡಾಡುತ್ತಿವೆ. ದಾರಿ ಹುಡುಕುತ್ತಿವೆ. ಇದರ ನಂತರದ್ದು ಮೌನ.

ಗಂಗೆ ಮೂರನ್ನೂ ಒಂದೊಂದಾಗಿ ಎತ್ತಿ ಶೆಡ್ಡಿನ ಹಿಂದಿನ ಖಾಲಿ ಸೈಟಿಗೆ ಒಯ್ದಳು. ಅಲ್ಲಿ ಎಷ್ಟು ನೀರು ಹೊಯ್ದರೂ ಡಬ್ಬಿಗೆ ಬೀಳುವ ಭಯವಿರಲಿಲ್ಲ. ಲಕ್ಷ್ಮಿಯ ಡ್ರಮ್ಮಿನಿಂದ ಕೊಡ ತುಂಬಿ ಮೂರು ಪೆಟ್ಟಿಗೆಗಳಿಗೂ ಗೋಣಿ ಹೊದಿಸಿ ಹೊಯ್ದಳು. ಇನ್ನೊಂದು ಕೊಡ. ಇನ್ನೊಂದು. ನೀರು ಮುಟ್ಟಿದಲ್ಲೆಲ್ಲ ಹಬೆಯೆದ್ದ ಹಾಗೆ ಕಂಡಿತು. ಕಿವಿಯಿಟ್ಟು ಕೇಳಿದಳು. ಸರಸರ ನಿಲ್ಲಲಿಲ್ಲ. ಒಂದು ಪೆಟ್ಟಿಗೆಯ ತಳದ ಸಂದಿನಿಂದ ತುಪ್ಪದ ಒಂದೇ ಒಂದು ಎಳೆ ಇಳಿದು ಮಣ್ಣಿಗೆ ಮುಟ್ಟಿತ್ತು.

ಬಾಗಿಲು ತೆಗೆಯಬೇಕು. ಬೇರೆ ದಾರಿಯಿಲ್ಲ.

ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು ಗೊತ್ತಿಲ್ಲದ ಜಾಗದಲ್ಲಿ, ಹಾಡೇ ಹಗಲು, ಸಿಟ್ಟಿನಲ್ಲಿರುವಾಗ ತೆರೆದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರಾಣಿಯ ಸಮೇತ ಎದ್ದು ಹೋಗುತ್ತವೆ, ಮತ್ತೆ ಬರುವುದಿಲ್ಲ. ಈ ಮೂರೇ ಅವಳ ಉಳಿದೆಲ್ಲ ಪೆಟ್ಟಿಗೆಗಳ ತಾಯಿ. ರೋಗದ ವರ್ಷ ಉಳಿದ ಎರಡರ ವಂಶ ನೇರವಾಗಿ ಇಲ್ಲಿತ್ತು. ತೆರೆದರೆ ಹೋಗುತ್ತವೆ. ತೆರೆಯದಿದ್ದರೆ ಅರ್ಧ ಗಂಟೆಯಲ್ಲಿ ಅಂಟಾಗುತ್ತವೆ. ಹೋಗುವುದಾದರೆ ಜೀವಸಹಿತ ಹೋಗಲಿ.

ಆದರೆ ಲಕ್ಷ್ಮಿಯ ಮೊಮ್ಮಗು?

ಗಂಗೆ ಶೆಡ್ಡಿನ ಮುಂದೆ ಬಂದು ನಿಂತಳು. ಚಹಾ ಕುಡಿಯುತ್ತಿದ್ದವರು ನಾಲ್ಕು ಜನ. ರಸ್ತೆಯಲ್ಲಿ ಓಡಾಡುವವರು. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಇನ್ನೊಮ್ಮೆ ತೆರೆದಳು.

“ಎಲ್ಲ ಒಳಗೆ ಹೋಗಿ! ಜೇನು ಬಿಡ್ತಾ ಇದ್ದೇನೆ! ಲಕ್ಷ್ಮಕ್ಕಾ, ಮಗುವಿನ ಕೋಣೆ ಬಾಗ್ಲು ಕಿಟಕಿ ಎಲ್ಲ ಹಾಕಿ! ಹೊಗೆ ಎಬ್ಬಿಸ್ಬೇಡಿ, ಕೈ ಬೀಸ್ಬೇಡಿ!”

ತನ್ನ ದನಿಗೆ ತಾನೇ ಬೆಚ್ಚಿದಳು. ಉದಯ ರಸ್ತೆಯಂಚಿನಿಂದ ಓಡಿ ಬಂದ. “ಏಯ್, ಎಂತ ಮಾಡ್ತಾ ಇದ್ದೀ? ಎದ್ದು ಹೋಗ್ತವೆ ಅವು!”

“ಗೊತ್ತದೆ ಅಣ್ಣ. ಗಾಡಿ ಕಿಟಕಿ ಏರಿಸು. ಸಂಗಯ್ಯಣ್ಣ ಒಳಗಿದ್ದಾರೆ.”

ಅವಳು ಹೇಳಿದ ರೀತಿಗೋ ಏನೋ, ಉದಯ ಕಿಟಕಿ ಏರಿಸಲು ಹೋದ. ಚಹಾದವರು ಲೋಟ ಅಲ್ಲೇ ಬಿಟ್ಟು ಲಕ್ಷ್ಮಿಯ ಹಿಂದೆ ಒಳಗೆ ನುಗ್ಗಿದರು. ಬಾಗಿಲು ಬಡಿದ ಸದ್ದು ಕೇಳಿದ ಮೇಲೆ ಗಂಗೆ ಹಿಂದೆ ಹೋಗಿ ಮೊಳೆ ಕಿತ್ತಳು.

ಮೊದಲ ಜಾಲರಿ ಸರಿದದ್ದೇ ಹುಳಗಳು ಹಾರಲಿಲ್ಲ. ಕುದಿದ ಹಾಲು ಉಕ್ಕಿದ ಹಾಗೆ ಪೆಟ್ಟಿಗೆಯ ಮೈಮೇಲೆ ಹರಿದು ಇಳಿದವು. ಆಮೇಲೆ ಒಮ್ಮೆಗೇ ಎದ್ದವು. ಎರಡನೆಯದು, ಮೂರನೆಯದು. ಸೈಟಿನ ಮೇಲಿನ ಗಾಳಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಕತ್ತಿಗೆ ಒಂದು ಕಚ್ಚಿತು, ಹುಬ್ಬಿಗೆ ಒಂದು, ಕೈಗೆ ಎಷ್ಟೋ. ಅವಳು ಕದಲದೆ ನಿಂತಿದ್ದಳು. ಓಮ್ನಿಯ ಗ್ಲಾಸಿಗೆ ಹುಳಗಳು ಮಳೆಯ ಹಾಗೆ ಬಡಿಯುತ್ತಿದ್ದವು. ಒಳಗಿನ ಕಾವಿನಲ್ಲಿ ಸಂಗಯ್ಯನ ಕಾಲೆರಡು ಮಾತ್ರ ಕಾಣುತ್ತಿದ್ದವು. ಅವನು ಕೆಲಸ ನಿಲ್ಲಿಸಿರಲಿಲ್ಲ. “ಯವ್ವಾ, ಒಂದು ಒಳಗ ಬಂದೈತಿ!” ಎಂದು ಒಮ್ಮೆ ಕೂಗಿದ. “ಕಿವಿಗೆ ಕಡೀತು! ಹೋಗ್ಲಿ ಬಿಡು, ಈ ಕಿವಿ ನನ್ನ ಹೇಂತೀ ಮಾತ ಕೇಳೂದು!”



ಕಾಲು ಗಂಟೆಯಲ್ಲಿ ಎರಡು ಪೆಟ್ಟಿಗೆಯ ಜೇನು ಮೇಲೆ ಮೇಲೆ ಹೋಗಿ, ಒಂದೇ ಮೋಡವಾಗಿ, ತಗಡಿನ ಮಾಡುಗಳನ್ನು ದಾಟಿ, ಬೆಟ್ಟದ ಕಡೆ ತೇಲಿಹೋಯಿತು. ಗಂಗೆ ಕಾಣುವಷ್ಟು ಹೊತ್ತೂ ನೋಡಿದಳು. ಕೂಗಲು ಅವಕ್ಕೆ ಹೆಸರೂ ಇಟ್ಟಿರಲಿಲ್ಲ. ಮೂರನೆಯದು ಮಾತ್ರ ಹೋಗಲಿಲ್ಲ. ಪೆಟ್ಟಿಗೆಯ ಎದುರಿಗೆ, ತಳಕ್ಕೆ, ಗೋಣಿಯ ಮಡಿಕೆಗೆ ಗಡ್ಡದ ಹಾಗೆ ಜೋತುಬಿದ್ದು ಕೂತಿತು. ರಾಣಿ ಒಳಗಿದ್ದಾಳೋ ಸತ್ತಿದ್ದಾಳೋ ಹೇಳುವಂತಿರಲಿಲ್ಲ.

ಹನ್ನೊಂದೂವರೆಗೆ ಸಂಗಯ್ಯ ಹೊರಗೆ ಬಂದ. ಒಂದು ಕಿವಿ ಹಪ್ಪಳದಷ್ಟಾಗಿತ್ತು. ಹೊಸ ಡಬ್ಬಿಯನ್ನು ಹಳೇ ಜಾಗ ಬಿಟ್ಟು ಪಕ್ಕಕ್ಕೆ, ಸೀಳಿನ ಕೆಳಗೆ ಬಾರದ ಹಾಗೆ ಕೂರಿಸಿ, ಮೇಲೆ ಟ್ಯೂಬಿನ ರಬ್ಬರು ಹೊದಿಸಿದ್ದ. “ತಿರುವು,” ಎಂದ. ಉದಯ ತಿರುವಿದ. ಓಮ್ನಿ ಒಮ್ಮೆ ಗೊಣಗಿ ಹತ್ತಿಕೊಂಡಿತು.

“ಹತ್ತು, ಹೋಪ,” ಎಂದ ಉದಯ ತಂಗಿಗೆ.

“ಇದ್ರ ಹುಳ ಎಲ್ಲ ಹೊರಗದೆ. ಹೀಗೇ ಮುಚ್ಚಿದ್ರೆ ಅರ್ಧ ಇಲ್ಲೇ ಉಳೀತವೆ. ಸಂಜೆ ಒಳಗೆ ಹೋಗುವವರೆಗೆ ನಾನು ಇಲ್ಲೇ ಕೂರ್ತೇನೆ. ಹಿಂದಿನ ಹದಿನೈದು ನೀನು ತಗಂಡು ಹೋಗು.”

“ನಾನಾ? ನಾನು ಯಾವತ್ತು ಬಾಗ್ಲು ತೆಗ್ದಿದ್ದೆ?”

“ತೆಗೀಬೇಕು. ಒಂದೊಂದೇ, ಮಧ್ಯೆ ಹತ್ತು ಹೆಜ್ಜೆ ಬಿಟ್ಟು. ಎದುರಿಗೆ ನಿಲ್ಬೇಡ, ಬದಿಗೆ ನಿಲ್ಲು. ಹೊರಡು ಅಣ್ಣ.”

ಅವನು ಹೊರಟ. ಗಂಗೆ ಸೈಟಿನಲ್ಲಿ ಕೂತಳು. ಲಕ್ಷ್ಮಿ ಕಿಟಕಿಯಿಂದ ಒಂದು ಲೋಟ ಚಹಾ ಚಾಚಿ, ಹೆದರಿ, ಅಲ್ಲೇ ಕಟ್ಟೆಯ ಮೇಲಿಟ್ಟು ಕಿಟಕಿ ಹಾಕಿಕೊಂಡಳು. ಅದು ತಣ್ಣಗಾಯಿತು. ಒಂದು ಗಂಟೆಯ ಸುಮಾರಿಗೆ ಫೋನು ಬಂತು.

“ಇಳಿಸ್ದೆ,” ಎಂದ ಉದಯ. ಏದುಸಿರು. “ಹನ್ನೊಂದು ಹೊರಗೆ ಬಂದವು. ಹಾರ್ತಾ ಇದ್ದಾವೆ.”

“ಉಳಿದ ನಾಲ್ಕು?”

ಆ ಕಡೆ ಗಾಡಿಯ ಬಾಗಿಲು ಹಾಕಿದ ಸದ್ದು ಕೇಳಿತು.

“ಅಣ್ಣ, ನಾಲ್ಕು?”

“ಬಾಗ್ಲು ತೆಗ್ದೆ. ಎಂತ ಬರ್ಲಿಲ್ಲ. ತುಪ್ಪ ಬಂತು.”

ಗಂಗೆ ಫೋನನ್ನು ಕಿವಿಯಲ್ಲೇ ಹಿಡಿದುಕೊಂಡಿದ್ದಳು. ನಾಲ್ಕು ಅಲ್ಲಿ. ಎರಡು ಬೆಟ್ಟಕ್ಕೆ. ನಿನ್ನೆ ಸಂಜೆ ಜಾಲರಿ ಬಡಿಯುವಾಗ ಒಂದೊಂದರ ಬೆನ್ನನ್ನೂ ತಟ್ಟಿದ್ದಳು.

“ತಂಗೀ,” ಎಂದ ಉದಯ. “ನಿನ್ನೆ ಹೆಡ್‌ಲೈಟ್ ಹತ್ತದಿದ್ದಾಗ್ಲೇ ಪೆಟ್ಟಿಗೆ ಇಳ್ಸಿ ಬಾಗ್ಲು ತೆಗೀಬೇಕಿತ್ತು. ನೀನು ಹೇಳಿದ್ದೆ. ನಾನು ಕೇಳ್ಲಿಲ್ಲ.”

ಅವಳು ಹೇಳಿದ್ದು ನಿಜ. ಹೇಳಿದ್ದಳು, ಒಂದೇ ಸಲ, ಸಣ್ಣ ದನಿಯಲ್ಲಿ, ಅವನು ಬೆನ್ನು ಹಾಕಿದ್ದಾಗ.

“ಮುಚ್ಚಳ ತೆಗೀಬೇಡ,” ಎಂದಳು. “ಆ ನಾಲ್ಕನ್ನು ಹಾಗೇ ಬದಿಗಿಡು, ಇರುವೆ ಬರದ ಹಾಗೆ. ನಾನು ಬಂದು ನೋಡ್ತೇನೆ.”

ಸಂಜೆ ಉದಯ ಓಮ್ನಿ ತಂದು ನಿಲ್ಲಿಸಿದಾಗ ಬಿಸಿಲು ತಗ್ಗಿತ್ತು. ಅವನು ಬಂದು ತಂಗಿಯ ಪಕ್ಕದಲ್ಲಿ ಕೂತ. ಮುಖದ ಒಂದು ಬದಿ ಊದಿ ಕಣ್ಣು ಅರ್ಧ ಮುಚ್ಚಿತ್ತು. ಸಂಗಯ್ಯ ಶೆಡ್ಡಿನ ಬಾಗಿಲೆಳೆಯಲು ಬಂದವನು ಇಬ್ಬರನ್ನೂ ನೋಡಿ ಒಂದು ಟೈರು ಉರುಳಿಸಿಕೊಂಡು ತಾನೂ ದೂರದಲ್ಲಿ ಕೂತ.

ಪೆಟ್ಟಿಗೆಯ ಹೊರಗೆ ಜೋತಿದ್ದ ಹುಳಗಳು ಒಂದೊಂದೇ ಬಾಗಿಲ ಕಡೆ ನಡೆಯತೊಡಗಿದ್ದವು. ಹತ್ತು ಹೋದವು, ಐದು ಹೊರಗೆ ಬಂದವು. ಮತ್ತೆ ಇಪ್ಪತ್ತು ಹೋದವು. ತಳದಲ್ಲಿ ಒಂದು ಮುಷ್ಟಿಯಷ್ಟು ಕದಲದೆ ಕೂತಿತ್ತು.

“ಹೋಗ್ದಿದ್ರೆ?” ಎಂದ ಉದಯ.

ಗಂಗೆ ನೆಲದ ಮೇಲೆ ಬಗ್ಗಿ, ಮುಖವನ್ನು ಹುಳಗಳ ಹತ್ತಿರ ಒಯ್ದು, ಬಾಯಿಂದ ಮೆಲ್ಲನೆ ಊದಿದಳು. ಗುಂಪಿನ ಅಂಚು ಅಲುಗಿತು.

“ಹೋಗುವವರೆಗೆ ಕೂರುದು,” ಎಂದಳು.